ಅಪ್‌ಡೇಟ್: ಆರ್‌ಸಿ 390 ಬಿಟ್ಟು ಹಳೆಯ ಹಿಮಾಲಯನ್ ಕೊಂಡ ಮೇಲಿನ ಅಲುಗಾಟ

ಕೆಟಿಎಂನ ರೇಸ್ ಮಾದರಿಯ ಬೈಕ್ ಆರ್‌ಸಿ 390 ಮಾರಿ ಪುಣೆ ಬಳಿಯ ಪಿಂಪ್ರಿಯಲ್ಲಿ ಕೊಂಡ ರಾಯಲ್ ಎನ್‌ಫೀಲ್ಡ್‌ನ 2018ರ ಹಿಮಾಲಯನ್ ತಿರುವುಗಳಲ್ಲಿ ಮುಂಭಾಗದಲ್ಲಿ ಅಲುಗಾಡುತ್ತದೆ ಎಂದು ಎರಡು ವಾರಗಳ ಹಿಂದೆ ಇಲ್ಲಿ ಕೇಳಿದ್ದೆ. ಹ್ಯಾಂಡಲ್ ರೈಸರ್ (ಹ್ಯಾಂಡಲ್ ಎತ್ತರಿಸುವ ತುಂಡು) ಹಾಕಿಸಿದ್ದರಿಂದ ನಿಂತು ಓಡಿಸುವಾಗ ಬೆನ್ನಿಗೆ ಹಿತವಾಯಿತೇ ಹೊರತು ಅಲುಗಾಟ ಹೋಗಲಿಲ್ಲ. ಸ್ಟೀರಿಂಗ್ ಬೇರಿಂಗ್ ಅಂತೂ ಸರಿಯಾಗಿಯೇ ಇತ್ತು. ಕೆಲಸಕ್ಕೆ ಬಂದದ್ದು, ಟೈರಿನ ಪಕ್ಕದ ನಾಲ್ಕಂಕಿ ನೋಡಿರಿ ಎಂದವರ ಮಾತು. ಅಲ್ಲಿ 2218 ಎಂದಿತ್ತು, ಅಂದರೆ 2018ರ 22ನೆಯ ವಾರದಲ್ಲಿ ತಯಾರಾದದ್ದು; ಟೈರಿನ ಬಟನ್ (ರಸ್ತೆಗೆ ತಾಗುವ ಉಬ್ಬುಗಳು) ಚೆನ್ನಾಗಿ ಉಳಿದಿದ್ದುದರಿಂದ ಕೊಳ್ಳುವಾಗ ನಾನು ಮೋಸಹೋಗಿದ್ದೆ, ರಬ್ಬರು ಮಾತ್ರ ಕಲ್ಲಾಗಿತ್ತು. ಎರಡೂ ಟೈರು ಬದಲಿಸಿ, ಆರ್‌ಸಿಯ ಲೆಕ್ಕದಲ್ಲಿ ತುಂಬಿಸುತ್ತಿದ್ದ ಗಾಳಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಇಳಿಸಿದ ಮೇಲೆ ತಾಮ್ಹಿಣಿ ಘಾಟಿನಲ್ಲಿ ಗಾಡಿ ನೆಟ್ಟಗೆ ನಡೆಯಿತು.

ಅರ್ಧ ತಪ್ಪು ನನ್ನದೇ ಎಂಬುದು ಅನಿರೀಕ್ಷಿತವಾಗಿತ್ತು. ಆರ್‌ಸಿಯ 17 ಇಂಚಿನ ಮುಂದಿನ ಚಕ್ರಕ್ಕೆ ಒಗ್ಗಿದ್ದ ನಾನು ಹಿಮಾಲಯನ್‌ನ 21 ಇಂಚಿನದೂ ಅಷ್ಟೇ ಚುರುಕಾಗಿ ತಿರುಗಬೇಕೆಂದು ಮೈಯನ್ನು ಒಳಕ್ಕೆ ವಾಲಿಸುತ್ತಿದ್ದೆ; ನಿಧಾನದ ತಿರುವಿನಲ್ಲಿ ಮೈ ನೆಟ್ಟಗಿಟ್ಟು ಗಾಡಿಯನ್ನಷ್ಟೇ ವಾಲಿಸಬೇಕಂತೆ. ಖಂಬಾಟ್ಕಿ ಘಾಟಿನಲ್ಲಿ ಲಾರಿ ಹಿಂದಿಕ್ಕುವಾಗ ಆರ್‌ಸಿ ಈಗಲೂ ನೆನಪಾಗುತ್ತದೆ, ಆದರೆ ಧಾರವಾಡ ತಲುಪಿದಾಗ ಅದರಲ್ಲಿದ್ದಂತೆ ಮಣಿಕಟ್ಟು ನೋಯುವುದಿಲ್ಲ.