ನೋವಿಲ್ಲದ ಗಂಟಿನ ಬಗ್ಗೆ ಹೇಗೆ ಹೇಳಲಿ?

ಪ್ರಶ್ನೆ (ಸದಸ್ಯೆ, ಶಿವಮೊಗ್ಗ):
ನಮಸ್ಕಾರ ಡಾಕ್ಟ್ರೇ. ನನಗೀಗ 52 ವರ್ಷ. ನಾಲ್ಕು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲಾ ಮುಗಿದು, ಈಗ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಆರಾಮಾಗಿದ್ದೇನೆ. ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ನೋವೇ ಇರಲಿಲ್ಲ. ಮಗಳ ಮದುವೆ ಮುಗಿಯಲಿ ಅಂತ ಎಂಟು ತಿಂಗಳು ಯಾರಿಗೂ ಹೇಳದೆ ಸುಮ್ಮನಿದ್ದೆ. ಈಗ ನಮ್ಮ ಸ್ತ್ರೀಶಕ್ತಿ ಸಂಘದವರು ಅಕ್ಟೋಬರ್‌ನಲ್ಲಿ ಮಾತಾಡಿ ಅಂದಿದ್ದಾರೆ. ಹೆದರಿಸದೆ ಏನು ಹೇಳಲಿ? ಇನ್ನೊಂದು ಮಾತು. ಸಂಶೋಧನೆಗೆ ಸಹಾಯ ಮಾಡಬೇಕು ಅಂತ ತುಂಬಾ ಆಸೆ. ದುಡ್ಡು ಕೊಡುವ ಶಕ್ತಿ ಇಲ್ಲ. ನನ್ನಂಥವರಿಂದ ಏನಾದರೂ ಆಗುತ್ತಾ?

ಉತ್ತರ (ಕ್ಯಾನ್ಸರ್ ಶಸ್ತ್ರಚಿಕಿತ್ಸಕಿ, ಬೆಂಗಳೂರು):
ಅಮ್ಮಾ, ಆ ಎಂಟು ತಿಂಗಳ ಕಥೆಯನ್ನೇ ಹೇಳಿ. ನಾನು ಹತ್ತು ಸಲ ಹೇಳಿದರೂ ನಾಟದ್ದು ನೀವು ಒಂದು ಸಲ ಹೇಳಿದರೆ ನಾಟುತ್ತದೆ. ತಡವಾಗಿ ಬರುವ ಹೆಂಗಸರಲ್ಲಿ ಎಷ್ಟೋ ಜನ "ನೋವಿರಲಿಲ್ಲ ಮೇಡಂ" ಅಂತಲೇ ಮಾತು ಶುರು ಮಾಡುತ್ತಾರೆ. ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಕಂಕುಳಲ್ಲಿ ಗಂಟು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯ ಹಾಗೆ ಆದ ಚರ್ಮ, ಇವುಗಳನ್ನೂ ಹೇಳಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ ಅನ್ನುವುದನ್ನು ಮರೆಯದೆ ಹೇಳಿ, ಹೆದರಿಕೆ ಇಳಿಯುತ್ತದೆ. "ಸೂಜಿ ಹಾಕಿದರೆ ಹರಡುತ್ತದೆ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆ ಭಯಕ್ಕೆ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ, ಬಿಡಬಾರದು.

ಇನ್ನು ಸಂಶೋಧನೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಬಡ ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲೇ ಎದೆ ಪರೀಕ್ಷೆ ಮಾಡಿದರು, ಮ್ಯಾಮೊಗ್ರಾಮ್ (ಎದೆಯ ಗಂಟು ಹುಡುಕುವ ಎಕ್ಸ್‌ರೇ) ಇಲ್ಲದೆ. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡದ ಉಳಿದರ್ಧ ಜನರಿಗೆ ಹೋಲಿಸಿದರೆ, 50 ದಾಟಿದವರಲ್ಲಿ ಈ ಕಾಯಿಲೆಯಿಂದ ಸಾಯುವವರು ಸುಮಾರು 30% ಕಡಿಮೆಯಾಗಿದ್ದರು. ಯೋಚಿಸಿ, ಇಪ್ಪತ್ತು ವರ್ಷ ಆ ಮನೆಗಳವರು ಬಾಗಿಲು ತೆಗೆದು "ಬನ್ನಿ, ಕೂತ್ಕೊಳ್ಳಿ" ಅನ್ನದೇ ಹೋಗಿದ್ದರೆ ಇದು ತಿಳಿಯುತ್ತಿತ್ತಾ?

ನೀವು ಕೊಡಬಹುದಾದದ್ದೂ ಅಂಥದ್ದೇ. ತಪಾಸಣೆಗೆ ತಪ್ಪದೆ ಹೋಗಿ. ಫೋನ್ ನಂಬರ್ ಬದಲಾದರೆ ಆಸ್ಪತ್ರೆಯಲ್ಲಿ ಬರೆಸಿ. ಚೆನ್ನಾಗಿರುವವರು ಬರುವುದನ್ನೇ ಬಿಟ್ಟುಬಿಟ್ಟರೆ, ಚಿಕಿತ್ಸೆ ಎಷ್ಟು ಜನರನ್ನು ಉಳಿಸಿತು ಅಂತ ನಮಗೆ ಗೊತ್ತಾಗುವುದೇ ಇಲ್ಲ.

ಮತ್ತೊಬ್ಬ ಸದಸ್ಯೆ (ಮೈಸೂರು):
ಮೇಡಂ, ನಮ್ಮ ಅತ್ತೆಯನ್ನು ಒಂದು ಟ್ರಯಲ್‌ಗೆ, ಅಂದರೆ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡುವ ಅಧ್ಯಯನಕ್ಕೆ, ಸೇರುತ್ತೀರಾ ಅಂತ ಆಸ್ಪತ್ರೆಯವರು ಕೇಳಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಭಯ. ಇಲಿಗಳ ಮೇಲೆ ಮಾಡುವ ಹಾಗೆ ಮಾಡಿಬಿಟ್ಟರೆ?

ಉತ್ತರ:
ಭಯ ಸಹಜ. ಟ್ರಯಲ್‌ನ ವಿವರ ಇರುವ ಒಪ್ಪಿಗೆ ಕಾಗದವನ್ನು ಕನ್ನಡದಲ್ಲೇ ಕೇಳಿ, ಮನೆಗೆ ತಂದು ಎಲ್ಲರೂ ಓದಿ. ಸೇರುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಇದೆಯಾ, ತೊಂದರೆಯಾದರೆ ಖರ್ಚು ಯಾರದ್ದು, ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ ಅಂತ ಕೇಳಿ. ಸೇರಿದ ಮೇಲೂ ಬೇಡ ಅನ್ನಿಸಿದ ದಿನ ಹೊರಗೆ ಬರಬಹುದು, ಆಗಲೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಗೊತ್ತಲ್ವಾ? ಆಪರೇಷನ್‌ಗೆ ಸ್ವಲ್ಪ ಮುಂಚೆ ಅದನ್ನು ಗಡ್ಡೆಯ ಸುತ್ತ ಚುಚ್ಚಿದರೆ ಏನಾಗುತ್ತದೆ ಅಂತ ಟಾಟಾ ಮೆಮೋರಿಯಲ್‌ನವರು ದೇಶದ 11 ಕೇಂದ್ರಗಳಲ್ಲಿ 1600 ಹೆಂಗಸರಲ್ಲಿ ನೋಡಿದರು. ಚುಚ್ಚಿಸಿಕೊಂಡವರಲ್ಲಿ ಐದು ವರ್ಷಕ್ಕೆ 90.1% ಜನ ಬದುಕಿದ್ದರು, ಉಳಿದವರಲ್ಲಿ 86.4%. ತೀರಾ ಅಗ್ಗದ ಔಷಧ ಅದು. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು. ಆ 1600 ಜನರ ಮನೆಗಳಲ್ಲೂ ನಿಮ್ಮ ಮನೆಯ ಹಾಗೆ ಚರ್ಚೆ ನಡೆದಿರುತ್ತದೆ.

ಸದಸ್ಯೆ, ಶಿವಮೊಗ್ಗ:
ಡಾಕ್ಟ್ರೇ, ಸಂಘಕ್ಕೆ ಮಗಳ ಮದುವೆಯ ಫೋಟೊ ತಗೊಂಡು ಹೋಗುತ್ತೇನೆ. ಅದರಲ್ಲಿ ರೇಷ್ಮೆ ಸೀರೆ ಉಟ್ಟು ನಗುತ್ತಾ ನಿಂತಿದ್ದೇನೆ, ಆಗಲೇ ಗಂಟು ಇತ್ತು. ಹೋದ ವರ್ಷ ಆಸ್ಪತ್ರೆ ನಂಬರಿನಿಂದ ಎರಡು ಸಲ ಫೋನ್ ಬಂದಿತ್ತು. ಆ ನಂಬರ್ ನೋಡಿದರೇ ಕೀಮೋ ದಿನಗಳು ಕಣ್ಣ ಮುಂದೆ ಬರುತ್ತಿದ್ದವು, ಎತ್ತಲಿಲ್ಲ. ಇವತ್ತು ಬೆಳಿಗ್ಗೆ ನಾನೇ ಮಾಡಿದೆ. ಚೆನ್ನಾಗಿದ್ದೇನೆ ಅಂತ ಹೇಳಿ, ಮಗಳ ನಂಬರೂ ಬರೆಸಿದೆ.