ಬಾಗಿಲಿಲ್ಲದ ಊರಿನ ಚಿತ್ರ

ಚಿಕ್ಕಪ್ಪ: (ಮನೆಯವರ ಗುಂಪಿಗೆ ಒಂದು ಚಿತ್ರ ಕಳಿಸಿ) ಟರ್ಕಿಯ ಚತಲ್‌ಹೊಯುಕ್. 9,000 ವರ್ಷ ಹಳೆಯ ಊರು. ಬೀದಿಯಿಲ್ಲ, ಬಾಗಿಲಿಲ್ಲ. ಮಾಳಿಗೆಯ ಕಿಂಡಿಯಿಂದ ಏಣಿ ಇಳಿದು ಒಳಗೆ ಹೋಗಬೇಕಿತ್ತು. ಇಲಿಯ ಬಿಲದಂಥ ಬದುಕು! ನಾವು ಎಷ್ಟು ಮುಂದೆ ಬಂದಿದ್ದೇವೆ ನೋಡಿ.

ನಾನು: ಬಿಲ ಎನ್ನಬೇಡಿ ಚಿಕ್ಕಪ್ಪ. 1961ರಿಂದ ಅಗೆದರೂ ಅಲ್ಲಿ ಅರಮನೆಯೊಂದು ಸಿಕ್ಕಿಲ್ಲ. ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಗೋಡೆಗೆ ಬಿಳಿಮಣ್ಣಿನ ತೆಳು ಸಾರಣೆ. ಕೆಲವು ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ಪದರಗಳಿವೆ. ಹಬ್ಬದ ಮುನ್ನಾದಿನ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಸುಣ್ಣ ಬಳಿಯುತ್ತಿದ್ದುದು ನೆನಪಿಲ್ಲವೇ? ಅಡುಗೆಮನೆಯ ಮೂಲೆಯಲ್ಲಿ ಸುಣ್ಣ ಒಂದು ಬೆರಳು ದಪ್ಪವಾಗಿ ಹಕ್ಕಳೆ ಕಟ್ಟಿತ್ತು.

ತಮ್ಮ: ಸತ್ತವರನ್ನು ಮಲಗುವ ಕಟ್ಟೆಯ ಕೆಳಗೇ ಹೂಳುತ್ತಿದ್ದರಂತೆ ಅಕ್ಕ. ಅಲ್ಲಿ ನಿನಗೆ ನಿದ್ದೆ ಬರುತ್ತಿತ್ತೇ?

ನಾನು: ಅವರಿಗೆ ಬರುತ್ತಿತ್ತಲ್ಲ! ಹೋದವರಿಗೂ ಮನೆಯಲ್ಲಿ ಪಾಲಿತ್ತು. ಮನೆ ಹಳತಾದರೆ ಗೋಡೆ ಕೆಡವಿ, ಮಣ್ಣು ತುಂಬಿ, ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತಿದ್ದರು. ನಮ್ಮ ಕೊಪ್ಪಳದ ಹಿರೇಬೆಣಕಲ್ ಗುಡ್ಡದ ಮೇಲೂ ಸತ್ತವರಿಗಾಗಿ ಕಲ್ಲುಚಪ್ಪಡಿಯ ಕೋಣೆಗಳಿವೆ, ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಹಿಂದೆ ಮೋರ್ಯರೆಂಬ ಕುಳ್ಳರಿದ್ದರೆಂದು ನಂಬಿ, ಜನ ಇಂದಿಗೂ ಅವನ್ನು ಮೋರ್ಯರ ಮನೆ ಎಂದೇ ಕರೆಯುತ್ತಾರೆ.

ಅತ್ತೆ: ನೀನು ಬರೆಯುತ್ತೀಯ, ಚೆನ್ನಾಗಿಯೇ ಬರೆಯುತ್ತೀಯ. ಹಸಿ ಸೌದೆಯ ಒಲೆ ಊದಿದವಳು ನಾನು. ಬಾಗಿಲಿಲ್ಲ ಎಂದರೆ ಹೊಗೆಗೆ ದಾರಿ ಯಾವುದು?

ನಾನು: ಏಣಿಯ ಕಿಂಡಿಯೇ ಅತ್ತೆ. ಒಲೆ ಅದರ ಕೆಳಗೇ ಇರುತ್ತಿತ್ತು. ಅದು ಸಾಲಲಿಲ್ಲ, ನೀವು ಹೇಳುವುದು ನಿಜ: ಅಲ್ಲಿನ ಮುದುಕರ ಪಕ್ಕೆಲುಬುಗಳ ಒಳಮೈಯಲ್ಲಿ ಮಸಿ ಸಿಕ್ಕಿದೆ. ಓದಿದಾಗ ನನಗೆ ಅಜ್ಜಿಯ ಕೆಮ್ಮು ಕೇಳಿಸಿತು. ಗ್ಯಾಸ್ ಒಲೆ ಬೇಡವೆಂದು ನಾನು ಯಾವತ್ತೂ ಹೇಳುವವಳಲ್ಲ.

ಚಿಕ್ಕಪ್ಪ: ಅಂದ ಮೇಲೆ ನಾನು ಹೇಳಿದ್ದೇ ಸರಿಯಾಯಿತಲ್ಲ. ಊರಿನ ಮನೆಯ ವಿಷಯದಲ್ಲೂ ನೀನು ಹೀಗೆಯೇ ಅಡ್ಡ ಬರುತ್ತೀಯ. ಸೋರುವ ಮಾಡಿಗೆ ಯಾರು ಹೆಂಚು ಹೊದಿಸುತ್ತಾರೆ? ಈಗ ಜಾಗಕ್ಕೆ ಬೆಲೆಯಿದೆ, ಕೊಟ್ಟುಬಿಡೋಣ.

ನಾನು: ಬೆಲೆಯೊಂದೇ ಮಾತಾಯಿತಲ್ಲ ಎಂಬುದೇ ನನ್ನ ಸಂಕಟ. ಬೆಂಗಳೂರಿನ ನಮ್ಮ ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದು ಎಂದಿದೆ. ಮಾಲೀಕರು ಮುಂದೆ ಮಾರುವಾಗ ಗೋಡೆ ಹೊಸದರಂತೆ ಕಾಣಬೇಕಂತೆ. 3 ವರ್ಷಗಳಿಂದ ಅಜ್ಜಿಯ ಫೋಟೊ ನನ್ನ ಬೀರುವಿನಲ್ಲಿ, ಸೀರೆಗಳ ನಡುವೆ ಇದೆ. ಅದನ್ನು ತೂಗುಹಾಕಲು ನನಗೆ ಒಂದು ಗೋಡೆಯಿಲ್ಲ ಚಿಕ್ಕಪ್ಪ.

ತಮ್ಮ: ಇದನ್ನು ನನಗೂ ಹೇಳಿರಲಿಲ್ಲವಲ್ಲ ಅಕ್ಕ.

ಅತ್ತೆ: ಭಾನುವಾರ ಬರುತ್ತೇನೆ. ಅಮ್ಮನ ಫೋಟೊ ತೆಗೆದಿಡು, ಊರಿನ ನಡುಮನೆಯಲ್ಲಿ ಹಾಕಿಬರೋಣ. ಹೆಂಚಿನ ಖರ್ಚಿನಲ್ಲಿ ಅರ್ಧ ನನ್ನದು.

ಚಿಕ್ಕಪ್ಪ: ಎಷ್ಟು ಹೆಂಚು ಒಡೆದಿವೆ ಎಂದು ಮೊದಲು ಎಣಿಸಿ ತಿಳಿಸಿ.