ಶುಗರ್ ಅಲಾರಂ, ಮನೆಯಲ್ಲೇ ಕಟ್ಟಿದ ಲೂಪ್: ಟೈಪ್ 1 ಮಕ್ಕಳ ಅಪ್ಪ-ಅಮ್ಮಂದಿರ ಪ್ರಶ್ನೋತ್ತರ

ಪ್ರಶ್ನೆ (ಹಾಸನದ ತಾಯಿ):
ಮಗನಿಗೆ 9 ವರ್ಷ. ಟೈಪ್ 1 ಸಕ್ಕರೆ ಕಾಯಿಲೆ ಬಂದು ಮೂರು ವರ್ಷವಾಯಿತು. ದಿನಕ್ಕೆ ನಾಲ್ಕು ಇಂಜೆಕ್ಷನ್, ಈಗ ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಹಾಕಿಸಿದ್ದೇವೆ. ಆದರೂ ರಾತ್ರಿ ಶುಗರ್ ಲೋ ಆದರೆ ಎಂಬ ಭಯಕ್ಕೆ ಎರಡು ಗಂಟೆಗೊಮ್ಮೆ ಏಳುತ್ತೇನೆ. ಅಮೆರಿಕದಲ್ಲಿರುವ ತಮ್ಮ ಹೇಳುತ್ತಾನೆ, ಅಲ್ಲಿ ಪೇಷಂಟ್‌ಗಳೇ ಪ್ರೋಗ್ರಾಂ ಬರೆದುಕೊಂಡು, ಪಂಪು ತಾನಾಗಿಯೇ ಇನ್ಸುಲಿನ್ ಕೊಡುವ ಹಾಗೆ ಮಾಡಿಕೊಂಡಿದ್ದಾರಂತೆ. ನಮ್ಮ ಡಾಕ್ಟರನ್ನು ಕೇಳಿದೆ. "ಮೊಬೈಲ್ ನೋಡಿಕೊಂಡು ನನಗೆ ಪಾಠ ಮಾಡಬೇಡಿ" ಅಂದರು. ತಮ್ಮ ಹೇಳಿದ್ದು ನಿಜಾನಾ?

ಉತ್ತರ (ಮಕ್ಕಳ ಹಾರ್ಮೋನ್ ತಜ್ಞೆ):
ನಿಜ. ಶುರುವಾಗಿದ್ದೇ ನಿಮ್ಮಂಥವರ ನಿದ್ದೆಗೇಡಿನಿಂದ.

2013ರಲ್ಲಿ ನ್ಯೂಯಾರ್ಕ್ ರಾಜ್ಯದ ಒಬ್ಬ ಅಪ್ಪ, ಜಾನ್ ಕಾಸ್ಟಿಕ್, ಸಾಫ್ಟ್‌ವೇರ್ ಎಂಜಿನಿಯರ್. ಪುಟ್ಟ ಮಗನಿಗೆ ಟೈಪ್ 1. ಸೆನ್ಸರಿನ ಅಂಕಿ ಮಗುವಿನ ಹತ್ತಿರವಿದ್ದ ಪುಟ್ಟ ಡಬ್ಬಿಯಲ್ಲಿ ಮಾತ್ರ ಕಾಣುತ್ತಿತ್ತು. ಮಗ ಸ್ಕೂಲಲ್ಲಿ, ಅಪ್ಪ ಆಫೀಸಲ್ಲಿ. ಅವರು ಆ ಡಬ್ಬಿಯಿಂದ ಅಂಕಿ ಎಳೆದು ಇಂಟರ್ನೆಟ್ಟಿಗೆ ಕಳಿಸುವ ಕೋಡ್ ಬರೆದರು. ಇನ್ನಷ್ಟು ಅಪ್ಪ-ಅಮ್ಮಂದಿರು ಕೈಜೋಡಿಸಿದರು, ಅದೇ ನೈಟ್‌ಸ್ಕೌಟ್ ಆಯಿತು. "ನಾವಿನ್ನು ಕಾಯುವುದಿಲ್ಲ" ಅನ್ನುವುದು ಅವರ ಘೋಷಣೆ.

ಸಿಯಾಟಲ್‌ನ ಡೇನಾ ಲೂಯಿಸ್‌ಗೆ ಸ್ವತಃ ಟೈಪ್ 1. ಗಾಢ ನಿದ್ದೆಯವರು, ಯಂತ್ರದ ಅಲಾರಂ ಎಷ್ಟು ಹೊಡೆದರೂ ಎಚ್ಚರವಾಗುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಜೋರಾದ ಅಲಾರಂ, ಅಷ್ಟೇ. ಕಾಸ್ಟಿಕ್ ಅವರ ಕೋಡ್ ಸಿಕ್ಕಿತು. ಅಲಾರಂ ಆಯಿತು. ಆಮೇಲೆ ಶುಗರ್ ಯಾವ ಕಡೆ ಹೋಗುತ್ತಿದೆ ಎಂಬ ಲೆಕ್ಕ ಸೇರಿಕೊಂಡಿತು. 2014ರ ಡಿಸೆಂಬರ್ ಹೊತ್ತಿಗೆ ಅದೇ ಲೆಕ್ಕ ನೇರವಾಗಿ ಪಂಪನ್ನೇ ನಡೆಸುತ್ತಿತ್ತು. ಮರುವರ್ಷ ಓಪನ್‌ಎಪಿಎಸ್ ಹೆಸರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟರು. ಐದೈದು ನಿಮಿಷಕ್ಕೆ ಸೆನ್ಸರ್ ಅಂಕಿ ನೋಡುವುದು, ಬೇಸಲ್ ಇನ್ಸುಲಿನ್ (ಪಂಪು ದಿನವಿಡೀ ಸಣ್ಣಗೆ ಕೊಡುತ್ತಿರುವುದು) ಸ್ವಲ್ಪ ಏರಿಸುವುದು ಅಥವಾ ಇಳಿಸುವುದು. ಕೆಲಸ ಇಷ್ಟೇ. ಇದಕ್ಕೇ ಲೂಪ್ ಅನ್ನುವುದು.

ಇದು ಬರೀ ಹುಮ್ಮಸ್ಸಲ್ಲ. ನ್ಯೂಜಿಲೆಂಡಿನಲ್ಲಿ 97 ಮಕ್ಕಳು ಮತ್ತು ದೊಡ್ಡವರ ಮೇಲೆ 24 ವಾರ ಪರೀಕ್ಷೆ ಮಾಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ವ್ಯವಸ್ಥೆ ಬಳಸಿದವರ ಶುಗರ್ ದಿನದ 71 ಶೇಕಡಾ ಹೊತ್ತು 70ರಿಂದ 180ರ ಒಳಗಿತ್ತು. ಮಾಮೂಲಿ ಪಂಪು-ಸೆನ್ಸರ್‌ನವರದ್ದು ಸುಮಾರು 54. ಲೆಕ್ಕ ಹಾಕಿದರೆ ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ಎರಡೂ ಗುಂಪಿನಲ್ಲಿ ಯಾರಿಗೂ ತೀವ್ರ ಲೋ ಆಗಲಿಲ್ಲ. ಕನೆಕ್ಷನ್ ಕಾಟಕ್ಕೆ ಬೇಸತ್ತು ಬಿಟ್ಟುಹೋದವರು ಇಬ್ಬರಿದ್ದರು, ಅದನ್ನೂ ಹೇಳಬೇಕು.

ಆದರೆ ನಿಮ್ಮ ಮಗನಿಗೆ ಪಂಪಿಲ್ಲ, ಪೆನ್ನು ಇದೆ. ಹಾಗಾಗಿ ಲೂಪಿನ ಮಾತು ಈಗ ಬೇಡ. ಅದಕ್ಕಾಗಿ ಲಕ್ಷಗಟ್ಟಲೆ ಸಾಲ ಮಾಡಿ ಪಂಪು ತರುವುದಂತೂ ಬೇಡವೇ ಬೇಡ. ನಿಮಗೆ ತಕ್ಷಣ ಬೇಕಾಗಿರುವುದು ಕಾಸ್ಟಿಕ್ ಮಾಡಿದ ಮೊದಲ ಅರ್ಧ: ಅಂಕಿ ಇನ್ನೊಂದು ಫೋನಿನಲ್ಲಿ ಕಾಣಬೇಕು, ಲೋ ಆದರೆ ಕೂಗಬೇಕು. ಈಗಿನ ಹಲವು ಸೆನ್ಸರ್‌ಗಳ ಆ್ಯಪ್‌ನಲ್ಲೇ ಅದಿದೆ. ನಿಮ್ಮದರಲ್ಲಿ ಇದೆಯಾ, ನೋಡಿ.

ಇನ್ನು ಡಾಕ್ಟರ್ ಬೈದದ್ದು. ಬೈದದ್ದು ತಪ್ಪು. ಆದರೆ ಏನಾದರೂ ಆದರೆ ಹೊಣೆ ಯಾರದ್ದು ಎಂಬ ಅಂಜಿಕೆ ನಮಗೆಲ್ಲ ಇದೆ. ಮುಂದಿನ ಸಲ ಆ್ಯಪ್ ಹೆಸರು ಎತ್ತಬೇಡಿ, ಎರಡು ವಾರದ ಊಟ, ಶುಗರ್ ಬರೆದ ನೋಟ್‌ಬುಕ್ ಮುಂದಿಡಿ. ಒಬ್ಬ ತಾಯಿ ನನ್ನ ಹತ್ತಿರ ಹೀಗೇ ತಂದಿದ್ದರು. ಕೋಳಿ ಸಾರು-ಮುದ್ದೆ ಉಂಡ ರಾತ್ರಿಗಳಲ್ಲಿ ಮಾತ್ರ ನಾಲ್ಕು ಗಂಟೆ ಕಳೆದು ಶುಗರ್ ಏರುತ್ತಿತ್ತು. ಜಿಡ್ಡು, ಮಾಂಸ ನಿಧಾನ ಏರಿಸುತ್ತವೆ ಅಂತ ನನಗೆ ಗೊತ್ತೇ ಇತ್ತು. ಅವರ ಮನೆಯ ಭಾನುವಾರ ಗೊತ್ತಿರಲಿಲ್ಲ.

ಪ್ರಶ್ನೆ (ದಾವಣಗೆರೆಯ ತಂದೆ):
ನಾನೂ ಎಂಜಿನಿಯರ್. ಸೆಕೆಂಡ್ ಹ್ಯಾಂಡ್ ಪಂಪು ಸಿಕ್ಕರೆ ಲೂಪ್ ನಾನೇ ಕಟ್ಟಬಲ್ಲೆ. ಮಗಳಿಗೆ ಹಾಕಬಹುದಾ?

ಉತ್ತರ:
ನಿಮ್ಮ ಕೈಚಳಕದ ಬಗ್ಗೆ ಅನುಮಾನವಿಲ್ಲ ಸಾರ್. ಆದರೂ ಬೇಡ. ಹಳೇ ಪಂಪು ಕೆಟ್ಟರೆ ಕೇಳೋರೇ ಇರಲ್ಲ. ಸೆನ್ಸರ್ ಸುಳ್ಳು ಹೇಳಿದರೆ ಲೂಪು ಆ ಸುಳ್ಳನ್ನು ನಂಬಿಕೊಂಡು ಇನ್ಸುಲಿನ್ ಕೊಡುತ್ತಲೇ ಹೋಗುತ್ತದೆ. ಅಂಥ ಒಂದು ಓವರ್‌ಡೋಸ್ ಆದ ಮೇಲೆ ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ತಮಾಷೆ ನೋಡಿ, 2023ರ ಜನವರಿಯಲ್ಲಿ ಅದೇ ಎಫ್‌ಡಿಎ ಟೈಡ್‌ಪೂಲ್ ಲೂಪ್ ಎಂಬ ಆ್ಯಪ್‌ಗೆ ಒಪ್ಪಿಗೆ ಕೊಟ್ಟಿತು. ಅದು ಹುಟ್ಟಿದ್ದೇ ಈ ಮನೆಮಂದಿ ಬರೆದ ಲೂಪಿನಿಂದ. ಹೊಸ ಪಂಪು, ವಾರಂಟಿ, ಜೊತೆಗೆ ನಿಲ್ಲುವ ಡಾಕ್ಟರ್ ಮೂರೂ ಸಿಕ್ಕ ದಿನ ಮತ್ತೆ ಕೇಳಿ. ಆಗ ಖುಷಿಯಿಂದ ಕೂತು ಮಾತಾಡೋಣ.

ಪ್ರಶ್ನೆ (ಹಾಸನದ ತಾಯಿ ಮತ್ತೆ):
ಆ್ಯಪ್‌ನಲ್ಲಿ ಅಲಾರಂ ಇತ್ತು ಮೇಡಂ, ಆನ್ ಮಾಡಿದೆ. ನಿನ್ನೆ ರಾತ್ರಿ ಮೂರಕ್ಕೆ ಹೊಡೆಯಿತು, 52 ಅಂತ. ಬೆರಳು ಚುಚ್ಚಿದರೆ 118! ಸೆನ್ಸರ್ ಹಾಳಾಗಿದೆಯಾ?

ಉತ್ತರ:
ಅದೇ ತೋಳಿನ ಮೇಲೆ ಮಲಗಿದ್ದನಾ? ಒತ್ತಿಕೊಂಡರೆ ಸೆನ್ಸರ್ ಸುಳ್ಳು ಲೋ ತೋರಿಸುತ್ತದೆ. ಮಗ್ಗುಲು ಬದಲಾಯಿಸಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಚುಚ್ಚಿ ನೋಡಿದ್ದು ಒಳ್ಳೆಯದಾಯಿತು. ಇದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ, ಮುಂದಿನ ಸೆನ್ಸರ್ ಇನ್ನೊಂದು ತೋಳಿಗೆ.

ಪ್ರಶ್ನೆ (ಶಿವಮೊಗ್ಗದ ತಂದೆ):
ನಮ್ಮ 13ರ ಮಗನನ್ನು ಹೊಸ ಔಷಧಿಯ ಟ್ರಯಲ್‌ಗೆ ಸೇರಿಸಿ ಅಂತ ಕೇಳುತ್ತಿದ್ದಾರೆ. ಸುಮ್ನೆ ಪ್ರಯೋಗದ ಇಲಿ ಮಾಡ್ತಾರೆ ಅಂತ ಅಮ್ಮ ಅಳುತ್ತಿದ್ದಾರೆ.

ಉತ್ತರ:
ಅಮ್ಮನ ಭಯ ಸಹಜ. ಆದರೆ ಇಲಿ ಪ್ರಶ್ನೆ ಕೇಳಲ್ಲ, ನೀವು ಕೇಳಬಹುದು. ಮೊದಲು ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಮೊದಲ ಪೇಷಂಟ್ ಸೇರುವ ಮುಂಚೆಯೇ ಅದು ಆಗಿರಬೇಕು. 2019ರ ನಿಯಮದಂತೆ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು. ನಿಮ್ಮ ಸಹಿ ಸಾಲದು, 12 ದಾಟಿದ ಹುಡುಗ ತಾನೂ ಬರೆದು ಒಪ್ಪಬೇಕು. ಅವನು ಬೇಡ ಅಂದರೆ ಅಲ್ಲಿಗೆ ಬಿಡಿ. ಮಧ್ಯದಲ್ಲಿ ಹೊರಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಟ್ರಯಲ್‌ಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರೊಬ್ಬರು ಇರಲೇಬೇಕು ಎಂಬ ನಿಯಮವಿದೆ. ನಾನು ಕಂಡ ಕಮಿಟಿಗಳಲ್ಲಿ ಆ ಕುರ್ಚಿಯಲ್ಲಿ ಆ ಕಾಯಿಲೆಯ ಜೊತೆ ಬದುಕಿದವರು ಕೂತದ್ದು ಅಪರೂಪ. ಅದಕ್ಕೇ ಟ್ರಯಲ್‌ನವರನ್ನು ಇದೂ ಕೇಳಿ: ಶುಗರ್ ಅಂಕಿ ಅಳೆಯುತ್ತೀರಿ, ಸರಿ. ತಪ್ಪಿದ ಸ್ಕೂಲ್ ದಿನ, ಕೆಟ್ಟ ನಿದ್ದೆ ಅಳೆಯುತ್ತೀರಾ?

ಮಾಹಿತಿ ಪತ್ರ ಕನ್ನಡದಲ್ಲಿರಲಿ, ಅದರ ಒಂದು ಪ್ರತಿಯನ್ನು ಮನೆಗೆ ತನ್ನಿ, ಅಮ್ಮನಿಗೂ ಓದಿ ಹೇಳಿ. ಪ್ರತಿ ಕೊಡಲ್ಲ ಅಂದರೆ ಸಹಿ ಹಾಕದೆ ಎದ್ದು ಬನ್ನಿ.